ಇನ್ವರ್ಟರ್ ಇದ್ದರೆ ಸಾಕೇ?

ಇನ್ವರ್ಟರ್ ನಂಬಿ ಮಳೆಗಾಲ ಕಳೆಯಬಹುದೇ ಎಂಬುದು ಮಂಗಳೂರಿನ ಓದುಗರೊಬ್ಬರ ಪ್ರಶ್ನೆ.

ಸಣ್ಣಪುಟ್ಟ ಕಡಿತಕ್ಕೆ ಧಾರಾಳ ಸಾಕು. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿ ಎರಡು ಮಾಮೂಲಿ ಫ್ಯಾನು, ನಾಲ್ಕು ಎಲ್‌ಇಡಿ ಬಲ್ಬುಗಳನ್ನು ಸುಮಾರು 6 ಗಂಟೆ ನಡೆಸುತ್ತದೆ. ಬಿಎಲ್‌ಡಿಸಿ ಫ್ಯಾನಾದರೆ ಹೆಚ್ಚುಕಡಿಮೆ ದುಪ್ಪಟ್ಟು. ಡಿಸ್ಟಿಲ್ಡ್ ವಾಟರ್ ಬತ್ತಿದ ಬ್ಯಾಟರಿಗೆ ಈ ಲೆಕ್ಕ ಸಲ್ಲದು.

ದೀರ್ಘ ಕಡಿತಕ್ಕೆ ಮಾತ್ರ ಇನ್ವರ್ಟರ್ ಸಾಲದು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಕರಾವಳಿಯಲ್ಲಿ ವಿದ್ಯುತ್ ಕಂಬಗಳನ್ನೇ ಉರುಳಿಸಿತು. ಅಂಥ ಹೊತ್ತಿನಲ್ಲಿ ಮೊದಲು ಕೈಕೊಡುವುದು ನೀರು. ಬಾವಿ ತುಂಬಿದ್ದರೂ 1 ಎಚ್‌ಪಿ ಪಂಪನ್ನು ಮನೆಯ ಸಣ್ಣ ಇನ್ವರ್ಟರ್ ಎಳೆಯದು. ಬಿರುಗಾಳಿಯ ಮುನ್ಸೂಚನೆ ಬಂದೊಡನೆ ಟ್ಯಾಂಕಿ ತುಂಬಿಸಬೇಕು, ರಾಟೆ, ಹಗ್ಗ, ಕೊಡಪಾನ ಸಿದ್ಧವಿರಬೇಕು (ಬಾವಿಯ ಗ್ರಿಲ್ಲಿನ ಬೀಗದ ಕೀಲಿಯೂ!). ಬಾಗಿಲು ತೆರೆಯದಿದ್ದರೆ ಫ್ರಿಜ್ಜು ಸುಮಾರು 4 ಗಂಟೆ ತಂಪಾಗಿರುತ್ತದೆ. ಅಷ್ಟರೊಳಗೆ ಬಂಗುಡೆ ಗಸಿಯಾಗಲಿ.

ಜನರೇಟರ್ ಮನೆಯೊಳಗೆ ಬೇಡವೇ ಬೇಡ, ಅದರ ಹೊಗೆ ಜೀವ ತೆಗೆಯುತ್ತದೆ. ತಂತಿ ಬಿದ್ದಿದ್ದರೆ ಹತ್ತಿರ ಹೋಗದೆ ಮೆಸ್ಕಾಂನ 1912ಕ್ಕೆ ಕರೆ ಮಾಡಿ.