ಹಾನ್ಲೆಯ ಕತ್ತಲೆ

ನಮ್ಮ ಹೊಸಕೋಟೆಯಲ್ಲಿ ಕುಳಿತು ವಿಜ್ಞಾನಿಗಳು ಉಪಗ್ರಹದ ಮೂಲಕ ನಡೆಸುವ ದೂರದರ್ಶಕವೊಂದು ಲಡಾಖಿನ ಹಾನ್ಲೆಯಲ್ಲಿದೆ. ಕಳೆದ ಬೇಸಿಗೆ ರಜೆಯಲ್ಲಿ ಅದನ್ನು ನೋಡುವ ಸುಯೋಗ ನನಗೊದಗಿತು.

ಸುಮಾರು 4,500 ಮೀಟರ್ ಎತ್ತರದ ಬೆಟ್ಟದ ಮೇಲೆ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯವಿದೆ. ಅಲ್ಲಿನ ಹಿಮಾಲಯನ್ ಚಂದ್ರ ದೂರದರ್ಶಕದ ದರ್ಪಣದ ವ್ಯಾಸ 2 ಮೀಟರ್. 2000ನೆಯ ಇಸವಿಯಲ್ಲಿ ಅದು ಮೊದಲ ಬಾರಿ ಆಕಾಶವನ್ನು ಕಂಡಿತು. ಈ ಶೀತಲ ಮರುಭೂಮಿಯನ್ನೇ ಏಕೆ ಆರಿಸಿದರು? ಇಲ್ಲಿ ಮಳೆ ಅತ್ಯಲ್ಪ, ಗಾಳಿ ತೆಳು. ನೀರಾವಿ ವಿರಳವಾದುದರಿಂದ ಅದು ಹೀರಿಬಿಡುವ ಅವಕೆಂಪು ಕಿರಣಗಳೂ ದೂರದರ್ಶಕವನ್ನು ತಲಪುತ್ತವೆ.

ಸುತ್ತಲಿನದು ಚಾಂಗ್‌ಥಾಂಗ್ ವನ್ಯಧಾಮ. ಬಯಲಿನಲ್ಲಿ ಕಿಯಾಂಗ್ ಎಂಬ ಕಾಡುಕತ್ತೆಗಳ ಹಿಂಡನ್ನು ಕಂಡೆನು. ಜೌಗಿನಲ್ಲಿ ಕಪ್ಪು ಕತ್ತಿನ ಕ್ರೌಂಚಗಳು ಮೊಟ್ಟೆಯಿಡುತ್ತವೆ.

2022ರಲ್ಲಿ ಇಲ್ಲಿನ 1,073 ಚದರ ಕಿಲೋಮೀಟರ್ ಪ್ರದೇಶದ ಕತ್ತಲೆಗೂ ರಕ್ಷಣೆ ದೊರೆಯಿತು. ಹಳ್ಳಿಗರು ದೀಪಗಳಿಗೆ ಮರೆಕಟ್ಟಿ, ಕಿಟಕಿಗಳಿಗೆ ದಪ್ಪ ಪರದೆ ಇಳಿಬಿಡುತ್ತಾರೆ. ತರಬೇತಿ ಪಡೆದ ಅಲ್ಲಿನ ತರುಣ ತರುಣಿಯರು ಪ್ರವಾಸಿಗರಿಗೆ ನಕ್ಷತ್ರ ತೋರಿಸಿ ನಾಲ್ಕು ಕಾಸು ಸಂಪಾದಿಸುತ್ತಾರೆ. ಕತ್ತಲೆಯೇ ಅವರ ಜೀವನೋಪಾಯ.

ಆದರೆ ಪ್ರವಾಸಿಗರು ಹೆಚ್ಚಿದಷ್ಟೂ ವಾಹನಗಳು, ವಸತಿಗೃಹಗಳು, ದೀಪಗಳು ಹೆಚ್ಚುತ್ತವೆ. ವಾಹನಗಳು ಬಯಲಿಗಿಳಿದರೆ ಕಿಯಾಂಗ್‌ಗಳು ಬೆದರಿ ಓಡುತ್ತವೆ. ಆದುದರಿಂದ ಮಿತ್ರರೇ, ಅಲ್ಲಿಗೆ ಹೋಗುವವರು ದಾರಿ ಬಿಡದೆ, ದೀಪ ತಗ್ಗಿಸಿ ಹೋಗಿರಿ. ಹಳ್ಳಿಗರು ಕಾದಿಟ್ಟ ಇರುಳನ್ನು ಅತಿಥಿಗಳಾದ ನಾವು ಕೆಡಿಸಬಾರದು.