ತೆರೆಯ ಮೇಲಿನ ತೀರ್ಪು, ತಾಲ್ಲೂಕು ಕಚೇರಿಯ ಕಡತ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕೋರ್ಟುಗಳಲ್ಲಿ ವಕೀಲಿಕೆ ನಡೆಸುವವರಿಗೆ ಅಂತರ್ಜಾಲ ಮೊದಲು ಉಳಿಸಿಕೊಟ್ಟದ್ದು ಓಡಾಟವನ್ನು. ಇ-ಕೋರ್ಟ್ಸ್ ಜಾಲತಾಣದಲ್ಲಿ ಪ್ರಕರಣದ 16 ಅಂಕಿ-ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಹಾಕಿದರೆ ಮುಂದಿನ ವಾಯಿದೆ ಕಾಣುತ್ತದೆ; ಬರೀ ಡೇಟು ಕೇಳಲೆಂದು ಕಮ್ಮರಡಿಯ ಕಕ್ಷಿದಾರ ಬಸ್ಸು ಹತ್ತಬೇಕಿಲ್ಲ. ತಾಣಕ್ಕೆ ದಿನಾಂಕ ಏರುವುದು ಒಮ್ಮೊಮ್ಮೆ ತಡವಾಗುವುದರಿಂದ ಅನುಭವಸ್ಥರು ಡೈರಿಯನ್ನು ಮಾತ್ರ ಕೈಬಿಟ್ಟಿಲ್ಲ.

ತೀರ್ಪು ಹುಡುಕುವ ಕೆಲಸದಲ್ಲಿ ಆದ ಬದಲಾವಣೆ ಇನ್ನೂ ದೊಡ್ಡದು. ಐಎಲ್‌ಆರ್, ಎಐಆರ್ ಸಂಪುಟಗಳನ್ನು ಕೊಂಡಿಡಲಾಗದ ಸಣ್ಣ ಆಫೀಸಿಗೂ 2008ರಲ್ಲಿ ಶುರುವಾದ ಇಂಡಿಯನ್ ಕಾನೂನ್ ತಾಣ, 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಉಚಿತವಾಗಿ ತೆರೆದ ಇ-ಎಸ್‌ಸಿಆರ್ ಎರಡೂ ಎಟಕುತ್ತವೆ. ಕಷ್ಟ ಬಂದಿರುವುದು ಕೃತಕ ಬುದ್ಧಿಮತ್ತೆಯಿಂದ. ಚಾಟ್‌ಜಿಪಿಟಿ ಹೆಣೆದುಕೊಟ್ಟ, ಎಲ್ಲೂ ಇಲ್ಲದ ತೀರ್ಪುಗಳನ್ನು ಸಲ್ಲಿಸಿದ ನ್ಯೂಯಾರ್ಕಿನ ವಕೀಲರಿಗೆ 2023ರ ಜೂನ್‌ನಲ್ಲಿ 5,000 ಡಾಲರ್ ದಂಡ ಬಿತ್ತು. ಅದು ಅಮೆರಿಕದ ಮಾತಾಯಿತು ಎನ್ನುವ ಹಾಗಿಲ್ಲ. ಬೆಂಗಳೂರಿನ ಸಿವಿಲ್ ನ್ಯಾಯಾಲಯವೊಂದರ ಆದೇಶದಲ್ಲೇ ಅಸ್ತಿತ್ವದಲ್ಲಿಲ್ಲದ ಸುಪ್ರೀಂ ಕೋರ್ಟ್ ತೀರ್ಪುಗಳು ಸೇರಿದ್ದನ್ನು ಕಂಡ ಕರ್ನಾಟಕ ಹೈಕೋರ್ಟ್, ಇದರ ತನಿಖೆಯಾಗಬೇಕೆಂದು 2025ರ ಮಾರ್ಚ್‌ನಲ್ಲಿ ಹೇಳಿತು. ಪಕ್ಷಕಾರರ ಹೆಸರು, ಇಸವಿ, ಪುಟಸಂಖ್ಯೆ ಎಲ್ಲ ಒಪ್ಪವಾಗಿ ಕಂಡರೂ ಮೂಲ ತಾಣದಿಂದ ತೀರ್ಪನ್ನು ಇಳಿಸಿಕೊಂಡು, ಬೇಕಾದ ಪ್ಯಾರಾ ಓದಿ, ಮೇಲಿನ ಪೀಠ ಅದನ್ನು ತಳ್ಳಿಹಾಕಿಲ್ಲವೆಂದು ಖಾತ್ರಿಯಾದ ಮೇಲಷ್ಟೇ ವಾದದಲ್ಲಿ ಬಳಸಬೇಕು.

2024ರ ಜುಲೈ 1ರಿಂದ ಹೊಸ ಅಪರಾಧ ಕಾನೂನುಗಳು ಜಾರಿಯಾದ ಮೇಲೆ ಕಲಂ ಸಂಖ್ಯೆಗಳೂ ದಾರಿ ತಪ್ಪಿಸುತ್ತಿವೆ. ಬರೀ 482 ಎಂದು ಹುಡುಕಿದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಡಿ ಹೈಕೋರ್ಟಿಗಿದ್ದ ಅಂತರ್ಗತ ಅಧಿಕಾರದ ತೀರ್ಪುಗಳು ಬಂದು ಬೀಳುತ್ತವೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 482 ನಿರೀಕ್ಷಣಾ ಜಾಮೀನಿನದು. ಅಂತರ್ಗತ ಅಧಿಕಾರ 528ಕ್ಕೆ ಹೋಗಿದೆ.

ಮಲೆನಾಡಿನ ಸಿವಿಲ್ ಕೆಲಸವೆಂದರೆ ಹೆಚ್ಚಾಗಿ ಜಮೀನಿನದೇ. ಭೂಮಿ ತಾಣದಲ್ಲಿ ಪಹಣಿ, ಮ್ಯುಟೇಷನ್ ಸಿಗುತ್ತವೆ. ಪಹಣಿಯ 9ನೇ ಕಾಲಮ್ಮಿನಲ್ಲಿ ಹೆಸರು ಕಂಡ ಕೂಡಲೇ ನಿಲ್ಲದೆ 11ನೇ ಕಾಲಮ್ಮಿನ ಹಕ್ಕು, ಸಾಲದ ವಿವರವನ್ನೂ ಓದಬೇಕು. ಕಾವೇರಿ ತಾಣದ ಋಣಭಾರ ಪತ್ರ (ಇಸಿ) 2004ರ ಏಪ್ರಿಲ್‌ನಿಂದ ಈಚಿನ ವ್ಯವಹಾರಗಳನ್ನಷ್ಟೇ ತೋರಿಸುತ್ತದೆ. ಅದಕ್ಕೂ ಹಿಂದಿನದು ಬೇಕಾದರೆ ಸಬ್‌ರಿಜಿಸ್ಟ್ರಾರ್ ಕಚೇರಿಗೇ ಹೋಗಬೇಕು. ಭೂನ್ಯಾಯ ಮಂಡಳಿಯ ಮುಂದಿದ್ದ ಫಾರಂ 7ರ ಕಡತ, ಸೊಪ್ಪಿನಬೆಟ್ಟದ ಹಕ್ಕು, ಸರ್ವೆ ನಂಬರಿಗೆ ಅರಣ್ಯ ಅಧಿಸೂಚನೆ ತಗಲಿದೆಯೇ ಎಂಬ ಪ್ರಶ್ನೆ, ಇವು ಪಹಣಿಯ ಪ್ರಿಂಟಿನಲ್ಲಿ ಬಗೆಹರಿಯುವಂಥವಲ್ಲ. ಮನೆಯಲ್ಲಿ ಕೂತೇ ಟೈಟಲ್ ನೋಡಿಯಾಯಿತೆನ್ನುವ ವಕೀಲನನ್ನು ಬ್ಯಾಂಕು ನಂಬಬಹುದು, ಅಡಿಕೆ ತೋಟ ಕೊಳ್ಳುವವನು ನಂಬಬಾರದು.

ಕಕ್ಷಿದಾರರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಫೋಟೊ, ಧ್ವನಿಮುದ್ರಣಗಳು ಸಾಕ್ಷ್ಯವಾಗಲು ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕು. ಅದರ ಒಂದು ಭಾಗಕ್ಕೆ ಪಕ್ಷಕಾರ, ಇನ್ನೊಂದಕ್ಕೆ ತಜ್ಞ ಸಹಿ ಹಾಕಬೇಕು. ಕಡತದ ಹ್ಯಾಶ್ ಮೌಲ್ಯವನ್ನೂ ಕಾಣಿಸಬೇಕು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕುಗ್ಗಿ ಬರುವುದರಿಂದ, ಮೂಲ ಫೋನನ್ನು ಮಾರದೆ, ಫಾರ್ಮ್ಯಾಟ್ ಮಾಡದೆ ಇಟ್ಟುಕೊಳ್ಳುವಂತೆ ಮೊದಲ ಭೇಟಿಯಲ್ಲೇ ಹೇಳುವುದೊಳ್ಳೆಯದು.

ಗೋಪ್ಯತೆ ಸೋರುವುದು ಹ್ಯಾಕರ್‌ಗಳಿಂದಲೇ ಎಂದೇನಿಲ್ಲ. ಸೈಬರ್ ಸೆಂಟರಿನಲ್ಲಿ ಪ್ರಿಂಟ್ ತೆಗೆಸಿ, ಕ್ರಯಪತ್ರವನ್ನು ಅಲ್ಲಿನ ಡೌನ್‌ಲೋಡ್ಸ್‌ನಲ್ಲೂ ವಾಟ್ಸ್‌ಆ್ಯಪ್ ವೆಬ್ಬನ್ನು ತೆರೆದೂ ಬಿಟ್ಟುಬಂದರೆ ಸಾಕು. ಕನ್ನಡ ದಸ್ತಾವೇಜನ್ನು ಇಂಗ್ಲಿಷಿಗೆ ತಿರುಗಿಸಲು ಉಚಿತ ತಾಣಕ್ಕೆ ಏರಿಸುವುದೂ ಅಂಥದೇ. ಹೆಸರು, ಆಧಾರ್ ಸಂಖ್ಯೆ ಅಳಿಸಿಯೇ ಏರಿಸಬೇಕು. ಕೋರ್ಟಿನ ಹೆಸರಿನಲ್ಲಿ ಲಿಂಕ್ ಬಂದರೆ ವಿಳಾಸದಲ್ಲಿನ ತಾಣದ ಹೆಸರು ‘ಗವ್ ಡಾಟ್ ಇನ್’ ಎಂದು ಮುಗಿಯುತ್ತದೆಯೇ ನೋಡಬೇಕು. ನಡುವೆ ಆ ಅಕ್ಷರಗಳಿದ್ದರೆ ಸಾಲದು. ವಿಡಿಯೊ ಕರೆಯಲ್ಲಿ ‘ಡಿಜಿಟಲ್ ಅರೆಸ್ಟ್’ ಮಾಡುವ ಅಧಿಕಾರ ಯಾವ ಪೊಲೀಸರಿಗೂ, ಯಾವ ನ್ಯಾಯಾಧೀಶರಿಗೂ ಇಲ್ಲ. ದುಡ್ಡು ಹೋಗಿದ್ದರೆ ದೂರು ಬರೆಯುತ್ತ ಕೂರುವ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು; ಹಣ ಮುಂದಿನ ಖಾತೆಗೆ ಹಾರುವುದರೊಳಗೆ ಅದನ್ನು ತಡೆಹಿಡಿಸಲು ಸಾಧ್ಯವಾಗುವುದು ಆಗಲೇ.