ಕೂಸಿನ ಕೋಣೆಗೆ ಸಾಲ ಬೇಡ

ಹೆರಿಗೆಯ ದಿನ ಹತ್ತಿರವಾದಂತೆ ಕಂಡದ್ದನ್ನೆಲ್ಲ ಕೊಳ್ಳುವ ಆಸೆಯಾಗುತ್ತದೆ. ಸ್ವಲ್ಪ ತಾಳಿ. ಮೊದಲ ಆರು ತಿಂಗಳಂತೂ ಮಗುವಿಗೆ ಬೇರೆ ಕೋಣೆಯೇ ಬೇಡ. ನಿಮ್ಮ ಮಂಚದ ಪಕ್ಕದಲ್ಲಿ, ಅದರದ್ದೇ ಹಾಸಿಗೆಯಲ್ಲಿ ಅಂಗಾತ ಮಲಗಿದರೆ ಸಾಕು.

ದುಡ್ಡು ಹಾಕುವುದಿದ್ದರೆ ಆ ಹಾಸಿಗೆಗೆ ಹಾಕಿ. ಅದು ಗಟ್ಟಿಯಾಗಿ ಸಮನಾಗಿರಬೇಕು. ಅಂಗೈ ಒತ್ತಿ ತೆಗೆದರೆ ಗುಳಿ ಉಳಿಯಬಾರದು. ನೆಂಟರ ಮನೆಯ ಹಳೆ ತೊಟ್ಟಿಲು ಸಿಕ್ಕರೆ ಸಂತೋಷವಾಗಿ ತನ್ನಿ. ಆದರೆ ಕಂಬಿಗಳ ಸಂದು ಅಳೆದು ನೋಡಿ: 6 ಸೆಂಟಿಮೀಟರಿಗಿಂತ ಅಗಲವಿದ್ದರೆ ಮಗುವಿನ ಮೈ ನುಸುಳಿ ತಲೆ ಸಿಕ್ಕಿಕೊಳ್ಳಬಹುದು. ಬಣ್ಣ ಚಕ್ಕೆ ಏಳುತ್ತಿದ್ದರೆ ಬಿಟ್ಟುಬಿಡಿ, ಹಳೆ ಬಣ್ಣದಲ್ಲಿ ಸೀಸ ಇರಬಹುದು. ವರ್ಷ ತುಂಬುವವರೆಗೆ ದಿಂಬು ಬೇಡ. ಸಾಸಿವೆ ದಿಂಬೂ ಬೇಡ, ಅಜ್ಜಿಗೆ ಬೇಸರವಾದರೂ ಸರಿಯೇ.

ಲಂಗೋಟಿಗೆ ಒಗೆದು ಒಗೆದು ಮೆತ್ತಗಾದ ಹಳೆ ಪಂಚೆ, ಸುತ್ತಲು ಅಮ್ಮನ ಹತ್ತಿ ಸೀರೆ. ಹೊಸ ಬಟ್ಟೆಗೆ ಆ ಹದವಿಲ್ಲ. ಬಿಸಿನೀರಲ್ಲಿ ಒಗೆದು ಬಿಸಿಲಲ್ಲಿ ಒಣಗಿಸಿ. ಟ್ರಂಕಿನಲ್ಲಿ ನುಸಿಗುಳಿಗೆ ಜೊತೆ ಇಟ್ಟ ಬಟ್ಟೆಯನ್ನು ಮಾತ್ರ ಕೂಸಿನ ಹತ್ತಿರ ತರಲೇಬೇಡಿ. ಅದರಲ್ಲಿರುವ ನ್ಯಾಫ್ತಲೀನ್ ಕೆಲವು ಹಸುಗೂಸುಗಳ ಕೆಂಪು ರಕ್ತಕಣಗಳನ್ನು ಒಡೆದು ಜೋರು ಕಾಮಾಲೆ ತರುತ್ತದೆ. ಬಾಣಂತನದ ಮನೆಯಲ್ಲಿ ಇದನ್ನು ಎಲ್ಲರಿಗೂ ಹೇಳಿಡಿ.

ಬಟ್ಟೆ ಬದಲಿಸುವ ಮೇಜು ದಂಡ. ನೆಲದ ಮೇಲೆ ಚಾಪೆ, ಅದರ ಮೇಲೆ ರಬ್ಬರ್ ಶೀಟು ಹಾಕಿದರೆ ಮಗು ಉರುಳಿ ಬೀಳುವ ಭಯವೂ ಇಲ್ಲ.

‘ಮಗುವಿಗೆ ಏನು ತರಲಿ?’ ಎಂದು ಯಾರಾದರೂ ಕೇಳಿದರೆ ಸಂಕೋಚಪಡದೆ ಸೊಳ್ಳೆಪರದೆ ಕೇಳಿ.